ಮಿಷಿಗನ್‌ನ 13ನೇ ಕ್ಷೇತ್ರ: ಡೆಟ್ರಾಯ್ಟ್ ಪರವಾಗಿ ಮಾತಾಡೋದು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರ ನವೆಂಬರ್‌ನಲ್ಲಿ ಈ ಕ್ಷೇತ್ರದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದರು. ನಮ್ಮ ಕಡೆ ಅದು ಹೆಮ್ಮೆಯ ಸುದ್ದಿ. ಡೆಟ್ರಾಯ್ಟ್ ಊರಲ್ಲಿ ಅದೇ ಫಲಿತಾಂಶಕ್ಕೆ ಇನ್ನೊಂದು ಮುಖ ಇತ್ತು. 1955ರಿಂದ ಒಂದು ದಿನವೂ ಸಂಸತ್ತಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದೆ ಇರದಿದ್ದ ಊರಿಗೆ ಮೊದಲ ಸಲ ಅಂಥ ಪ್ರತಿನಿಧಿ ಇಲ್ಲದಂತಾಯಿತು. ಈ ಎರಡೂ ಸಂಗತಿ ಒಟ್ಟಿಗೆ ಅರ್ಥವಾಗಬೇಕಾದರೆ ಕ್ಷೇತ್ರದ ಕಥೆ ಗೊತ್ತಿರಬೇಕು. ಆ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಈ ಕ್ಷೇತ್ರ ಎಲ್ಲಿದೆ?

ಮಿಷಿಗನ್ ರಾಜ್ಯದ ವೇಯ್ನ್ ಕೌಂಟಿಯಲ್ಲಿ. ಡೆಟ್ರಾಯ್ಟ್ ನಗರದ ದೊಡ್ಡ ಪಾಲು, ಜೊತೆಗೆ ಅಕ್ಕಪಕ್ಕದ ಕೆಲವು ಊರುಗಳು ಇದರಲ್ಲಿ ಬರುತ್ತವೆ. ಊರಿನ ಪಶ್ಚಿಮದ ಒಂದು ಭಾಗ ಪಕ್ಕದ 12ನೇ ಕ್ಷೇತ್ರಕ್ಕೆ ಸೇರಿದೆ.

ಒಂದೇ ಕ್ಷೇತ್ರದಲ್ಲಿ ಎಂಥೆಂಥ ಊರುಗಳಿವೆ ನೋಡಿ. ಡೆಟ್ರಾಯ್ಟ್ ನಗರದ ಹೊಟ್ಟೆಯೊಳಗೆ ಹ್ಯಾಮ್‌ಟ್ರಾಮಿಕ್, ಹೈಲ್ಯಾಂಡ್ ಪಾರ್ಕ್ ಎಂಬ ಎರಡು ಪುಟ್ಟ ಊರುಗಳಿವೆ. ಎರಡಕ್ಕೂ ತಮ್ಮದೇ ಮೇಯರ್, ತಮ್ಮದೇ ಆಡಳಿತ. ಹ್ಯಾಮ್‌ಟ್ರಾಮಿಕ್ ಒಂದು ಕಾಲದಲ್ಲಿ ಪೋಲೆಂಡಿನಿಂದ ಬಂದ ಕಾರ್ಮಿಕರ ಊರು. ಈಗ ಅಲ್ಲಿ ಯೆಮನ್ ಮತ್ತು ಬಾಂಗ್ಲಾದೇಶದಿಂದ ಬಂದವರು ಜಾಸ್ತಿ. ಹೈಲ್ಯಾಂಡ್ ಪಾರ್ಕ್‌ನಲ್ಲಿ 1913ರಲ್ಲಿ ಹೆನ್ರಿ ಫೋರ್ಡ್ ಕಾರ್ಖಾನೆಯ ಚಲಿಸುವ ಅಸೆಂಬ್ಲಿ ಲೈನ್ ಶುರುವಾಯಿತು. ಜಗತ್ತಿನ ಕಾರ್ಖಾನೆಗಳ ರೀತಿಯನ್ನೇ ಬದಲಿಸಿದ ಊರು ಅದು. ಆದರೆ 2011ರಲ್ಲಿ ಕರೆಂಟ್ ಬಿಲ್ ಕಟ್ಟಲಾಗದೆ ಸಾವಿರಕ್ಕೂ ಹೆಚ್ಚು ಬೀದಿದೀಪ ಕಳೆದುಕೊಂಡಿತು. ಬರೀ ಸ್ವಿಚ್ ಆಫ್ ಮಾಡಿದ್ದಲ್ಲ, ಕಂಬಗಳನ್ನೇ ಕಿತ್ತುಕೊಂಡು ಹೋದರು. ಇದೇ ಕ್ಷೇತ್ರದಲ್ಲಿ, ಕೆರೆದಂಡೆಯ ದೊಡ್ಡ ಬಂಗಲೆಗಳಿರುವ ಗ್ರೋಸ್ ಪಾಯಿಂಟ್ ಊರುಗಳೂ ಇವೆ. ಇಷ್ಟು ಜನರ ಪರವಾಗಿ ಮಾತಾಡೋದು ಒಬ್ಬರೇ.

ನಮ್ಮ ಲೋಕಸಭಾ ಕ್ಷೇತ್ರದ ಹಾಗೇನಾ ಇದು?

ಕೆಲಸ ಹೆಚ್ಚುಕಮ್ಮಿ ಅದೇ, ಅಳತೆ ಬೇರೆ. ಅಮೆರಿಕದ ಕೆಳಮನೆಯಲ್ಲಿ 435 ಸ್ಥಾನ. ಅವಧಿ ಬರೀ 2 ವರ್ಷ. ಮಿಷಿಗನ್‌ನಲ್ಲಿ ಈಗ ಒಂದು ಕ್ಷೇತ್ರಕ್ಕೆ ಸುಮಾರು 7.75 ಲಕ್ಷ ಜನ. ಬೆಂಗಳೂರು ಉತ್ತರದಲ್ಲಿ ಮತದಾರರೇ 30 ಲಕ್ಷಕ್ಕಿಂತ ಜಾಸ್ತಿ.

ಮುಖ್ಯ ವ್ಯತ್ಯಾಸ ಇರೋದು ಗಡಿಯಲ್ಲಿ. ನಮ್ಮಲ್ಲಿ ಕರ್ನಾಟಕದ 28 ಸ್ಥಾನ ದಶಕಗಳಿಂದ ಹಾಗೇ ಇದೆ, ಯಾಕಂದ್ರೆ ರಾಜ್ಯಕ್ಕೆ ಎಷ್ಟು ಸ್ಥಾನ ಅನ್ನೋ ಲೆಕ್ಕ 1971ರ ಜನಗಣತಿಗೇ ನಿಂತಿದೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಕೂಡಲೇ ರಾಜ್ಯಗಳ ಸ್ಥಾನ ಹೆಚ್ಚುಕಮ್ಮಿ ಆಗುತ್ತೆ, ಗಡಿಗಳನ್ನು ಹೊಸದಾಗಿ ಎಳೆಯುತ್ತಾರೆ. ಮಿಷಿಗನ್ 1960ರ ದಶಕದಲ್ಲಿ 19 ಸ್ಥಾನ ಹೊಂದಿತ್ತು. ಈಗ 13. ಕಾರ್ಖಾನೆಗಳು ಹೋದವು, ಜನ ಹೋದರು, ಸ್ಥಾನಗಳೂ ಹೋದವು.

ಯಾವಾಗ ಶುರುವಾಯಿತು? ಮೊದಲು ಯಾರ್ಯಾರು ಇದ್ದರು?

1910ರ ಜನಗಣತಿಯ ನಂತರ ಮಿಷಿಗನ್‌ಗೆ 13ನೇ ಸ್ಥಾನ ಸಿಕ್ಕಿತು. ಒಂದು ಅವಧಿಗೆ ಇಡೀ ರಾಜ್ಯದಿಂದ ಒಬ್ಬರನ್ನು ಆರಿಸಿದರು. 1915ರಿಂದ ಅದು ಡೆಟ್ರಾಯ್ಟ್‌ನ ಕ್ಷೇತ್ರವಾಯಿತು. ಮೊದಲ ಪ್ರತಿನಿಧಿ ಚಾರ್ಲ್ಸ್ ನಿಕೋಲ್ಸ್, ರಿಪಬ್ಲಿಕನ್. ಆಮೇಲೆ ಬಹುಕಾಲ ಕ್ಲಾರೆನ್ಸ್ ಮೆಕ್ಲೌಡ್ ಎಂಬ ಇನ್ನೊಬ್ಬ ರಿಪಬ್ಲಿಕನ್. 1936ರಲ್ಲಿ ಡೆಮಾಕ್ರಟ್ ಜಾರ್ಜ್ ಓಬ್ರಿಯನ್ ಗೆದ್ದರು, ಎರಡು ವರ್ಷಕ್ಕೆ ಮೆಕ್ಲೌಡ್ ವಾಪಸ್ ಬಂದರು, ಮತ್ತೆ ಓಬ್ರಿಯನ್. ಅಂದರೆ ಆಗ ಇಲ್ಲಿ ನವೆಂಬರ್ ಚುನಾವಣೆಗೆ ನಿಜವಾದ ಬೆಲೆ ಇತ್ತು. ಈಗ ಹಾಗಿಲ್ಲ. 1949ರಿಂದ ಡೆಟ್ರಾಯ್ಟ್‌ನ ಈ ಸ್ಥಾನ ರಿಪಬ್ಲಿಕನ್ನರ ಕೈಗೆ ಹೋಗಿಲ್ಲ.

ಇದು ಕಪ್ಪು ಜನರ ಕ್ಷೇತ್ರ ಅಂತ ಹೆಸರಾಗಿದ್ದು ಹೇಗೆ?

1910ರಲ್ಲಿ ಡೆಟ್ರಾಯ್ಟ್‌ನಲ್ಲಿದ್ದ ಕಪ್ಪು ಜನ 6 ಸಾವಿರಕ್ಕೂ ಕಡಿಮೆ. 1950ರ ಹೊತ್ತಿಗೆ ಸುಮಾರು 3 ಲಕ್ಷ. ದಕ್ಷಿಣದ ರಾಜ್ಯಗಳ ಹತ್ತಿ ಹೊಲ, ಸಾಲ, ಗುಂಪುಹತ್ಯೆಗಳಿಂದ ತಪ್ಪಿಸಿಕೊಂಡು ರೈಲು ಹತ್ತಿ ಬಂದವರು ಇವರು. ಫೋರ್ಡ್ 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ್ದು ಎಲ್ಲ ಕಡೆ ಸುದ್ದಿಯಾಗಿತ್ತು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಊರಿನ ಬಹಳಷ್ಟು ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಮಾರಬಾರದು ಅಂತ ಕ್ರಯಪತ್ರದಲ್ಲೇ ಬರೆದಿರುತ್ತಿದ್ದರು. ಹಾಗಾಗಿ ಎಲ್ಲರೂ ಪೂರ್ವಭಾಗದ ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಅನ್ನೋ ಕೇರಿಗಳಲ್ಲಿ ಒತ್ತೊತ್ತಾಗಿ ಬದುಕಿದರು. ಹೇಸ್ಟಿಂಗ್ಸ್ ಸ್ಟ್ರೀಟ್ ಅವರ ಪೇಟೆಬೀದಿ. ಅಂಗಡಿ, ಹೋಟೆಲ್, ಸಂಗೀತದ ಕ್ಲಬ್ಬು ಎಲ್ಲ ಅಲ್ಲೇ.

ಬೇರೆ ಕಡೆ ಇರಲು ಬಿಡದೆ ಒಂದೇ ಕಡೆ ತುಂಬಿದ್ದರಿಂದ ಒಂದು ಕ್ಷೇತ್ರದಲ್ಲಿ ಅವರ ವೋಟು ಒಟ್ಟಾಯಿತು. 1954ರಲ್ಲಿ ಆ ವೋಟೇ ಪಕ್ಷದೊಳಗಿನ ಚುನಾವಣೆಯಲ್ಲಿ (ಪ್ರೈಮರಿ) ಓಬ್ರಿಯನ್ ಅವರನ್ನು ಸೋಲಿಸಿ ಚಾರ್ಲ್ಸ್ ಡಿಗ್ಸ್ ಅವರನ್ನು ಗೆಲ್ಲಿಸಿತು. ಸ್ವಲ್ಪ ವರ್ಷಗಳಲ್ಲೇ ಹೇಸ್ಟಿಂಗ್ಸ್ ಸ್ಟ್ರೀಟ್ ಮೇಲೆ ಕ್ರೈಸ್ಲರ್ ಫ್ರೀವೇ ಹಾಯ್ದು ಹೋಯಿತು, ಕೇರಿಯ ಗುರುತೂ ಉಳಿಯಲಿಲ್ಲ. ಪ್ರತಿನಿಧಿ ಸಿಕ್ಕ ಹೊತ್ತಿಗೇ ಮನೆಗಳು ಹೋದವು. ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ತುಂಬ ಸಂಕಟ ತರುವ ಸಂಗತಿ ಇದು.

ಚಾರ್ಲ್ಸ್ ಡಿಗ್ಸ್ ಯಾರು? ಅವರ ಹೆಸರು ಯಾಕೆ ಇಷ್ಟು ಕೇಳಿಬರುತ್ತೆ?

ಮಿಷಿಗನ್‌ನಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ಪ್ರತಿನಿಧಿ. 1955ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ 32 ವರ್ಷ. ಇಡೀ ಸಂಸತ್ತಿನಲ್ಲಿ ಆಗ ಇದ್ದ ಕಪ್ಪು ಸದಸ್ಯರು ಮೂರೇ ಜನ: ಶಿಕಾಗೋದ ಡಾಸನ್, ನ್ಯೂಯಾರ್ಕ್‌ನ ಪೊವೆಲ್, ಇವರು.

ಅವರ ಮನೆತನದ ಕಸುಬು ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡೋದು. ತಂದೆಯ ಫ್ಯೂನರಲ್ ಹೋಮ್ ಡೆಟ್ರಾಯ್ಟ್‌ನಲ್ಲಿ ದೊಡ್ಡ ಹೆಸರು. ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ಆ ಕಾಲದ ಕಪ್ಪು ರಾಜಕಾರಣಿಗಳಲ್ಲಿ ಪಾದ್ರಿಗಳು ಮತ್ತು ಇಂಥ ಕಸುಬಿನವರು ಜಾಸ್ತಿ. ಅವರ ಸಂಪಾದನೆ ತಮ್ಮ ಜನರಿಂದಲೇ ಬರುತ್ತಿತ್ತು. ಬಾಯಿಬಿಟ್ಟು ಮಾತಾಡಿದರೆ ಕೆಲಸದಿಂದ ತೆಗೆಯುವ ಬಿಳಿ ಯಜಮಾನ ಅವರಿಗೆ ಇರಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನ ಕೊಲೆಯಾಯಿತು. ಶಿಕಾಗೋದಿಂದ ನೆಂಟರ ಮನೆಗೆ ಹೋಗಿದ್ದ ಹುಡುಗ. ಬಿಳಿಯ ಹೆಂಗಸಿನ ಜೊತೆ ಹೇಗೋ ನಡೆದುಕೊಂಡ ಅಂತ ಆರೋಪ. ಸೆಪ್ಟೆಂಬರ್‌ನಲ್ಲಿ ಸಮ್ನರ್ ಅನ್ನೋ ಸಣ್ಣ ಊರಿನ ಕೋರ್ಟಿನಲ್ಲಿ ವಿಚಾರಣೆ. ಆ ಕೋರ್ಟು ಡಿಗ್ಸ್ ಅವರ ಕ್ಷೇತ್ರವೂ ಅಲ್ಲ, ರಾಜ್ಯವೂ ಅಲ್ಲ. ಆದರೂ ಹೋದರು. ಬರುತ್ತೇನೆ ಅಂತ ಜಡ್ಜ್‌ಗೆ ಮೊದಲೇ ತಿಳಿಸಿದ್ದರು. ಬಾಗಿಲಲ್ಲಿ ತಡೆದರು. ಕಪ್ಪು ಪತ್ರಕರ್ತರೊಬ್ಬರು ಡಿಗ್ಸ್ ಅವರ ಕಾರ್ಡ್ ಹಿಡಿದು ಒಳಗೆ ಕೊಡಲು ಹೋದರೆ, ಕಪ್ಪು ಮನುಷ್ಯ ಸಂಸತ್ ಸದಸ್ಯ ಆಗಿರಬಹುದು ಅನ್ನೋದನ್ನೇ ಅಲ್ಲಿನ ಸಿಬ್ಬಂದಿ ನಂಬಲಿಲ್ಲ. ಕೊನೆಗೆ ಕಪ್ಪು ಪತ್ರಕರ್ತರಿಗೆ ಮೂಲೆಯಲ್ಲಿ ಹಾಕಿದ್ದ ಸಣ್ಣ ಮೇಜಿನ ಬಳಿ ಜಾಗ ಕೊಟ್ಟರು. ಅಮೆರಿಕದ ಸಂಸತ್ ಸದಸ್ಯ ಆ ವಿಚಾರಣೆ ನೋಡಿದ್ದು ಆ ಮೇಜಿನಿಂದ.

ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆಯಲ್ಲಿ ಆರೋಪಿಗಳನ್ನು ಬಿಟ್ಟಿತು. ಸಾಕ್ಷಿ ಹೇಳಿದ ವಿಲಿ ರೀಡ್ ಎಂಬ 18 ವರ್ಷದ ಹುಡುಗ ಜೀವ ಉಳಿಸಿಕೊಳ್ಳಲು ಊರು ಬಿಡಬೇಕಾಯಿತು. ಅವನ ಜೊತೆ ಶಿಕಾಗೋವರೆಗೆ ಹೋದವರು ಡಿಗ್ಸ್. ಮಿಸಿಸಿಪ್ಪಿಯಲ್ಲಿ ಕಪ್ಪು ಜನರಿಗೆ ವೋಟು ಹಾಕಲು ಬಿಡುತ್ತಿರಲಿಲ್ಲ. ಹಾಗಾಗಿ ಡೆಟ್ರಾಯ್ಟ್‌ನ 13ನೇ ಕ್ಷೇತ್ರದ ಸದಸ್ಯರೇ ಅವರಿಗೂ ಪ್ರತಿನಿಧಿ ಆದರು.

ಆಮೇಲಿನ ಕೆಲಸವೂ ಸಣ್ಣದಲ್ಲ. 1969ರಲ್ಲಿ ಆಫ್ರಿಕಾ ಉಪಸಮಿತಿಯ ಅಧ್ಯಕ್ಷರಾಗಿ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಸಂಸತ್ತಿನೊಳಗೆ ದನಿ ಎತ್ತಿದರು. 1971ರಲ್ಲಿ 13 ಸದಸ್ಯರು ಸೇರಿ ಕಪ್ಪು ಸದಸ್ಯರ ಕೂಟ ಕಟ್ಟಿದಾಗ ಮೊದಲ ಅಧ್ಯಕ್ಷರು ಅವರೇ. ವಾಷಿಂಗ್ಟನ್ ನಗರಕ್ಕೆ ತನ್ನ ಮೇಯರ್, ಕೌನ್ಸಿಲ್ ಆರಿಸುವ ಹಕ್ಕು ಕೊಟ್ಟ 1973ರ ಕಾನೂನಿನ ಹಿಂದೆಯೂ ಇದ್ದರು.

ಆದರೆ ಅವರು ಜೈಲಿಗೂ ಹೋದರಲ್ವಾ?

ಹೌದು. ತಮ್ಮ ಕಚೇರಿ ಸಿಬ್ಬಂದಿಯ ಸಂಬಳ ಏರಿಸಿ, ಅದರಲ್ಲಿ ಒಂದು ಪಾಲನ್ನು ವಾಪಸ್ ತೆಗೆದುಕೊಂಡು ಸ್ವಂತ ಖರ್ಚಿಗೆ ಬಳಸಿದ್ದು 1978ರ ಅಕ್ಟೋಬರ್‌ನಲ್ಲಿ ಸಾಬೀತಾಯಿತು. ಮುಂದಿನ ತಿಂಗಳೇ ಚುನಾವಣೆ. ಜನ ಮತ್ತೆ ಗೆಲ್ಲಿಸಿದರು! 1979ರ ಜುಲೈನಲ್ಲಿ ಕೆಳಮನೆ 414–0ರಲ್ಲಿ ಛೀಮಾರಿ ಹಾಕಿತು. 1980ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಸಮ್ನರ್ ಕೋರ್ಟಿನ ಆ ಮೇಜು ನಿಜ, ಈ ತಪ್ಪೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡೋದು ನ್ಯಾಯ ಅಲ್ಲ.

ಅವರ ನಂತರ ಯಾರು ಬಂದರು?

ಜಾರ್ಜ್ ಕ್ರಾಕೆಟ್. ಮೊದಲ ಸಲ ಗೆದ್ದಾಗ ಅವರಿಗೆ 71 ವರ್ಷ. 1949ರಲ್ಲಿ ನ್ಯೂಯಾರ್ಕ್‌ನಲ್ಲಿ ಕಮ್ಯುನಿಸ್ಟ್ ಮುಖಂಡರ ಪರ ವಾದ ಮಾಡಿ, ನ್ಯಾಯಾಂಗ ನಿಂದನೆ ಹೆಸರಲ್ಲಿ 4 ತಿಂಗಳು ಜೈಲಲ್ಲಿದ್ದ ವಕೀಲ ಅವರು. ಆಮೇಲೆ ಡೆಟ್ರಾಯ್ಟ್‌ನಲ್ಲಿ ಜಡ್ಜ್ ಆದರು. 1969ರಲ್ಲಿ ನ್ಯೂ ಬೆತೆಲ್ ಚರ್ಚಿನ ಹೊರಗೆ ಒಬ್ಬ ಪೊಲೀಸ್ ಗುಂಡಿಗೆ ಬಲಿಯಾದಾಗ, ಪೊಲೀಸರು ಚರ್ಚಿಗೆ ನುಗ್ಗಿ ಒಳಗಿದ್ದ ನೂರಕ್ಕೂ ಹೆಚ್ಚು ಜನರನ್ನು ಹಿಡಿದುಕೊಂಡು ಹೋದರು. ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ ತಂದೆ ಪಾದ್ರಿಯಾಗಿದ್ದ ಚರ್ಚ್ ಅದು. ಕ್ರಾಕೆಟ್ ಬೆಳಗಾಗುವ ಹೊತ್ತಿಗೆ ಪೊಲೀಸ್ ಮುಖ್ಯ ಕಚೇರಿಗೇ ಹೋಗಿ, ಅಲ್ಲೇ ಕೋರ್ಟ್ ನಡೆಸಿ, ಆಧಾರವಿಲ್ಲದೆ ಹಿಡಿದವರನ್ನು ಬಿಡಿಸಲು ಶುರುಮಾಡಿದರು. ಅವರನ್ನು ಕೆಳಗಿಳಿಸಿ ಅಂತ ದೊಡ್ಡ ಕೂಗೆದ್ದಿತು. ಜನ ಮರೆಯಲಿಲ್ಲ, ಹನ್ನೊಂದು ವರ್ಷದ ಮೇಲೆ ವಾಷಿಂಗ್ಟನ್‌ಗೆ ಕಳಿಸಿದರು.

1991ರಲ್ಲಿ ಬಾರ್ಬರಾ ರೋಸ್ ಕಾಲಿನ್ಸ್ ಬಂದರು. ಮಿಷಿಗನ್‌ನಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ಮಹಿಳೆ ಅವರು.

ಈ ಕ್ಷೇತ್ರದ ಪ್ರತಿನಿಧಿಗಳ ಪಟ್ಟಿಯಲ್ಲಿ 1993ರಿಂದ 2003ರವರೆಗೆ ಬೇರೆ ಊರಿನವರ ಹೆಸರಿದೆ. ಅದೇನು?

ಬಹಳ ಜನ ಎಡವೋದು ಇಲ್ಲೇ. 13 ಅನ್ನೋದು ಒಂದು ನಂಬರ್ ಅಷ್ಟೆ. 1990ರ ಜನಗಣತಿಯ ನಂತರ ಆ ನಂಬರ್ ಪಶ್ಚಿಮದ ಆನ್ ಆರ್ಬರ್ ಕಡೆಗೆ ಹೋಯಿತು. ವಿಲಿಯಂ ಫೋರ್ಡ್, ಆಮೇಲೆ ಲಿನ್ ರಿವರ್ಸ್ ಅಲ್ಲಿನ ಪ್ರತಿನಿಧಿಗಳು. ಡೆಟ್ರಾಯ್ಟ್‌ನ ಹಳೇ ಕ್ಷೇತ್ರಕ್ಕೆ 15 ಅನ್ನೋ ನಂಬರ್ ಬಂತು. 2003ರಲ್ಲಿ 13 ಮತ್ತೆ ಡೆಟ್ರಾಯ್ಟ್‌ಗೆ ವಾಪಸ್. ಆಗ ಇದ್ದವರು ಕ್ಯಾರೊಲಿನ್ ಚೀಕ್ಸ್ ಕಿಲ್‌ಪ್ಯಾಟ್ರಿಕ್.

ಜಾನ್ ಕಾನ್ಯರ್ಸ್ ಈ ಕ್ಷೇತ್ರದವರಾ?

1965ರಿಂದ ಡೆಟ್ರಾಯ್ಟ್‌ನ ಕಪ್ಪು ಪ್ರತಿನಿಧಿಯಾಗಿದ್ದ ಅವರು ಈ ಕ್ಷೇತ್ರದಲ್ಲಿದ್ದಿದ್ದು ಕೊನೆಯ ಐದು ವರ್ಷ ಮಾತ್ರ. ಅವರ ಮನೆ, ಅವರ ವೋಟರು ಅಲ್ಲೇ ಇದ್ದರು, ನಂಬರ್ ಬದಲಾಗುತ್ತಾ ಹೋಯಿತು: ಮೊದಲು 1, ಆಮೇಲೆ 14, 2013ರಿಂದ 13.

1964ಕ್ಕೆ ಮುಂಚೆ ಮಿಷಿಗನ್‌ನ ಒಂದು ಕ್ಷೇತ್ರದಲ್ಲಿ 8 ಲಕ್ಷ ಜನ, ಇನ್ನೊಂದರಲ್ಲಿ 1.8 ಲಕ್ಷಕ್ಕೂ ಕಡಿಮೆ ಇದ್ದರು. ಕ್ಷೇತ್ರಗಳ ಜನಸಂಖ್ಯೆ ಸಮ ಇರಬೇಕು ಅಂತ ಸುಪ್ರೀಂ ಕೋರ್ಟ್ ಆ ವರ್ಷ ಹೇಳಿತು. ಹೊಸ ನಕ್ಷೆಯಲ್ಲಿ ಡೆಟ್ರಾಯ್ಟ್‌ಗೆ ಕಪ್ಪು ಮತದಾರರೇ ಹೆಚ್ಚಿರುವ ಎರಡನೇ ಕ್ಷೇತ್ರ ಸಿಕ್ಕಿತು. ಕಾನ್ಯರ್ಸ್ ಪ್ರೈಮರಿ ಗೆದ್ದಿದ್ದು ಬರೀ ನೂರು ಚಿಲ್ಲರೆ ವೋಟಿನಿಂದ. ಅವರ ಪರ ಮಾತಾಡಲು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಒಪ್ಪಿಸಿದವರು ರೋಸಾ ಪಾರ್ಕ್ಸ್. ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ಅದೇ ರೋಸಾ ಪಾರ್ಕ್ಸ್. ಆ ಘಟನೆಯ ನಂತರ ಕೆಲಸ ಕಳೆದುಕೊಂಡು ಡೆಟ್ರಾಯ್ಟ್‌ಗೆ ಬಂದಿದ್ದರು. ಗೆದ್ದ ಮೇಲೆ ಕಾನ್ಯರ್ಸ್ ರೋಸಾ ಪಾರ್ಕ್ಸ್‌ಗೆ ತಮ್ಮ ಕಚೇರಿಯಲ್ಲಿ ಕೆಲಸ ಕೊಟ್ಟರು. 1965ರಿಂದ 1988ರವರೆಗೆ ಮನೆ ಸಿಗದವರ, ಪಿಂಚಣಿ ನಿಂತವರ ದೂರು ಕೇಳಿಕೊಂಡು ಅವರು ಅಲ್ಲಿ ದುಡಿದರು. ಕ್ಷೇತ್ರದ ಜನರಿಗೆ ಪ್ರತಿನಿಧಿ ಅಂದರೆ ಭಾಷಣಕ್ಕಿಂತ ಜಾಸ್ತಿ ಈ ಕೆಲಸವೇ.

ಕಿಂಗ್ ಹತ್ಯೆಯಾದ ನಾಲ್ಕೇ ದಿನಕ್ಕೆ, 1968ರಲ್ಲಿ, ಅವರ ಹೆಸರಲ್ಲಿ ರಾಷ್ಟ್ರೀಯ ರಜೆ ಬೇಕು ಅಂತ ಕಾನ್ಯರ್ಸ್ ಮಸೂದೆ ತಂದರು. ಪಾಸಾಗಿದ್ದು 1983ರಲ್ಲಿ. ಸುಮಾರು 53 ವರ್ಷ ಸಂಸತ್ತಿನಲ್ಲಿದ್ದು, 2017ರ ಡಿಸೆಂಬರ್‌ನಲ್ಲಿ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟರು. ಆರೋಪಗಳನ್ನು ಅವರು ಒಪ್ಪಲಿಲ್ಲ.

2018ರಲ್ಲಿ ಐದು ವಾರಕ್ಕೆ ಒಬ್ಬರು ಪ್ರತಿನಿಧಿ ಆಗಿದ್ದರಂತೆ?

ಬ್ರೆಂಡಾ ಜೋನ್ಸ್. ಕಾನ್ಯರ್ಸ್ ಬಿಟ್ಟ ಅವಧಿಯ ಉಳಿದ ಭಾಗಕ್ಕೆ ಒಂದು ಪ್ರೈಮರಿ, ಮುಂದಿನ ಎರಡು ವರ್ಷಕ್ಕೆ ಇನ್ನೊಂದು. ಎರಡೂ ಒಂದೇ ದಿನ, ಅದೇ ಮತದಾರರು. ಮೊದಲನೆಯದರಲ್ಲಿ ಜೋನ್ಸ್ ಗೆದ್ದರು. ಎರಡನೆಯದರಲ್ಲಿ ರಶೀದಾ ತ್ಲೈಬ್ ಸುಮಾರು 900 ವೋಟಿನಿಂದ ಗೆದ್ದರು. ಒಂದರಲ್ಲಿ ನಾಲ್ವರು ಅಭ್ಯರ್ಥಿಗಳು, ಇನ್ನೊಂದರಲ್ಲಿ ಆರು. ಹೆಚ್ಚುವರಿ ಇಬ್ಬರು ವೋಟು ಹಂಚಿಕೊಂಡಿದ್ದೇ ಸಾಕಾಯಿತು. ಇಲ್ಹಾನ್ ಓಮರ್ ಜೊತೆ ತ್ಲೈಬ್ ಅಮೆರಿಕದ ಸಂಸತ್ತಿನ ಮೊದಲ ಮುಸ್ಲಿಂ ಮಹಿಳೆಯರಾದರು. 2022ರ ಹೊಸ ನಕ್ಷೆ ಬಂದಾಗ ಪಕ್ಕದ 12ನೇ ಕ್ಷೇತ್ರಕ್ಕೆ ಹೋದರು.

ಗಡಿ ಎಳೆಯೋರು ಯಾರು?

2011ರಲ್ಲಿ ರಿಪಬ್ಲಿಕನ್ನರ ಕೈಯಲ್ಲಿದ್ದ ರಾಜ್ಯ ಶಾಸನಸಭೆ ಎಳೆಯಿತು. ಡೆಮಾಕ್ರಟಿಕ್ ವೋಟುಗಳನ್ನು ಎರಡು ಕ್ಷೇತ್ರಗಳಲ್ಲಿ ತುಂಬಿಟ್ಟು ಸುತ್ತಲಿನ ಕ್ಷೇತ್ರಗಳನ್ನು ತಮಗೆ ಸಲೀಸು ಮಾಡಿಕೊಂಡರು ಅಂತ ವಿರೋಧ ಎದ್ದಿತು. 2018ರಲ್ಲಿ ಜನರೇ ವೋಟು ಹಾಕಿ ಆ ಅಧಿಕಾರವನ್ನು ಶಾಸಕರಿಂದ ಕಿತ್ತುಕೊಂಡರು. ಈಗ 13 ಸಾಮಾನ್ಯ ನಾಗರಿಕರ ಆಯೋಗ ಇದೆ: 4 ಡೆಮಾಕ್ರಟರು, 4 ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ 5 ಜನ. ಅರ್ಜಿ ಹಾಕಿದವರಲ್ಲಿ ಲಾಟರಿ ಎತ್ತಿ ಆರಿಸುತ್ತಾರೆ.

ವ್ಯವಸ್ಥೆ ನನಗೆ ಇಷ್ಟ. ಆದರೆ ಅದರ ಮೊದಲ ನಕ್ಷೆ ಡೆಟ್ರಾಯ್ಟ್‌ನ ಕಪ್ಪು ಮತದಾರರನ್ನು ಅಕ್ಕಪಕ್ಕದ ಬಿಳಿ ಬಡಾವಣೆಗಳ ಜೊತೆ ಸೇರಿಸಿತು. ಹಳೇ ನಕ್ಷೆಯಲ್ಲಿ ಕಪ್ಪು ಜನರೇ ಹೆಚ್ಚಿದ್ದ ಕ್ಷೇತ್ರಗಳು ಎರಡು. ಹೊಸದರಲ್ಲಿ ಎರಡೂ ಕಡೆ ಅವರ ಪಾಲು ಅರ್ಧಕ್ಕಿಂತ ಕೆಳಗೆ ಬಂತು. ಇದೇ ಆಯೋಗ ರಾಜ್ಯ ಶಾಸನಸಭೆಗೆ ಎಳೆದ ಡೆಟ್ರಾಯ್ಟ್ ಸುತ್ತಲಿನ 13 ಕ್ಷೇತ್ರಗಳನ್ನು 2023ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟ್ ರದ್ದು ಮಾಡಿತು. ಆ ತೀರ್ಪು ಸಂಸತ್ ಕ್ಷೇತ್ರಗಳಿಗೆ ಸಂಬಂಧಿಸಿದ್ದಲ್ಲ.

2022ರಲ್ಲಿ ಥಾಣೇದಾರ್ ಗೆದ್ದಿದ್ದು ಹೇಗೆ?

ಪ್ರೈಮರಿಯಲ್ಲಿ ಒಂಬತ್ತು ಅಭ್ಯರ್ಥಿಗಳು. ಶ್ರೀ ಥಾಣೇದಾರ್ ಬಿಟ್ಟು ಉಳಿದವರೆಲ್ಲ ಕಪ್ಪು ಜನ. ಕಾನ್ಯರ್ಸ್ ಅವರ ಮಗನೂ ಇದ್ದರು. ಸ್ಥಳೀಯ ಮುಖಂಡರು ವೋಟು ಒಡೆಯುವ ಅಪಾಯ ಕಂಡು, ರಾಜ್ಯ ಸೆನೆಟರ್ ಆ್ಯಡಮ್ ಹಾಲಿಯರ್ ಅವರನ್ನು ಒಮ್ಮತದ ಅಭ್ಯರ್ಥಿ ಅಂತ ಮುಂದೆ ತಂದರು. ಉಳಿದವರು ಕಣದಿಂದ ಸರಿಯಲಿಲ್ಲ. ಥಾಣೇದಾರ್ ಸ್ವಂತ ದುಡ್ಡು ಧಾರಾಳವಾಗಿ ಖರ್ಚು ಮಾಡಿದರು. ಹಾಲಿಯರ್ ಪರ ಹೊರಗಿನ ಗುಂಪುಗಳೂ ದೊಡ್ಡ ಮೊತ್ತ ಸುರಿದವು. ಥಾಣೇದಾರ್‌ಗೆ ಬಂದಿದ್ದು ಸುಮಾರು 28%. ಅಷ್ಟೇ ಸಾಕಾಯಿತು, ಯಾಕಂದ್ರೆ ಯಾರಿಗೂ ಅರ್ಧ ವೋಟು ಬರದಿದ್ದರೆ ಮೇಲಿನ ಇಬ್ಬರ ನಡುವೆ ಮತ್ತೆ ನಡೆಸುವ ಎರಡನೇ ಸುತ್ತು ಮಿಷಿಗನ್‌ನಲ್ಲಿ ಇಲ್ಲ. ನವೆಂಬರ್‌ನಲ್ಲಿ ಸುಮಾರು 71% ಪಡೆದು ಗೆದ್ದರು.

ಹಾಗಾಗಿ ಈ ಕ್ಷೇತ್ರದಲ್ಲಿ ತೀರ್ಮಾನ ಆಗೋದು ಆಗಸ್ಟ್‌ನ ಪ್ರೈಮರಿಯಲ್ಲಿ, ಅದೂ ಕಡಿಮೆ ಜನ ಬಂದು ಹಾಕುವ ವೋಟಿನಲ್ಲಿ. ನಾಲ್ಕರಲ್ಲಿ ಒಂದು ಭಾಗಕ್ಕಿಂತ ತುಸು ಜಾಸ್ತಿ ವೋಟಿನಿಂದ ಡೆಟ್ರಾಯ್ಟ್ ಊರಿನ 68 ವರ್ಷದ ಪರಂಪರೆ ನಿಂತಿತು. ಅಲ್ಲಿನ ಕಪ್ಪು ಮತದಾರರ ಬೇಸರವನ್ನು ‘ಹೊರಗಿನವರ ಮೇಲೆ ಅಸೂಯೆ’ ಅಂತ ಹಗುರ ಮಾಡಬಾರದು. ಬ್ಲ್ಯಾಕ್ ಬಾಟಮ್‌ನಿಂದ ಎತ್ತಂಗಡಿ ಆದವರ ಮಕ್ಕಳು, ಮೊಮ್ಮಕ್ಕಳು ಅವರು. ಹಾಗೆಯೇ ನಿಯಮದ ಪ್ರಕಾರ ನಿಂತು ಗೆದ್ದವರನ್ನು ಕಳ್ಳದಾರಿಯಲ್ಲಿ ಬಂದವರ ಹಾಗೆ ನೋಡೋದೂ ತಪ್ಪು. ಎರಡನೇ ಸುತ್ತೋ, ಆದ್ಯತೆಯ ಮತವೋ ಇದ್ದಿದ್ದರೆ ಯಾರು ಗೆದ್ದರೂ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಇರುತ್ತಿತ್ತು. ಬದಲಾಗಬೇಕಾಗಿದ್ದು ಅದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಥಾಣೇದಾರ್ ಕನ್ನಡಿಗರಾ?

ಹುಟ್ಟಿದ್ದು 1955ರ ಫೆಬ್ರುವರಿಯಲ್ಲಿ ಚಿಕ್ಕೋಡಿಯಲ್ಲಿ, ಅಂದರೆ ಡಿಗ್ಸ್ ಪ್ರಮಾಣವಚನ ತೆಗೆದುಕೊಂಡ ಮರು ತಿಂಗಳು. ಆಗ ಬೆಳಗಾವಿ ಜಿಲ್ಲೆ ಬಾಂಬೆ ರಾಜ್ಯದಲ್ಲಿತ್ತು. ಓದು, ಬಾಲ್ಯ ಬೆಳಗಾವಿಯಲ್ಲಿ. ಮನೆಮಾತು ಮರಾಠಿ. ಗಡಿನಾಡಿನಲ್ಲಿ ಅದು ಸಹಜ. ಮುಂಬೈಯಲ್ಲಿ ರಸಾಯನಶಾಸ್ತ್ರ ಓದಿ 1979ರಲ್ಲಿ ಅಮೆರಿಕಕ್ಕೆ ಹೋದರು, ಅಕ್ರಾನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು, ಪ್ರಯೋಗಾಲಯದ ಉದ್ಯಮ ನಡೆಸಿದರು. 2018ರಲ್ಲಿ ಗವರ್ನರ್ ಸ್ಥಾನದ ಪ್ರೈಮರಿಯಲ್ಲಿ ಮೂರನೆಯವರಾದರು. 2020ರಲ್ಲಿ ಡೆಟ್ರಾಯ್ಟ್‌ನಿಂದ ರಾಜ್ಯ ಶಾಸಕರಾದರು.

ಈ ಕ್ಷೇತ್ರದಿಂದ ಹೋದ ಮೊದಲ ದಕ್ಷಿಣ ಏಷ್ಯಾ ಮೂಲದವರು ಅವರೇನಾ?

ಅಲ್ಲ. 2010ರಲ್ಲಿ ಗೆದ್ದ ಹ್ಯಾನ್ಸನ್ ಕ್ಲಾರ್ಕ್ ಅವರ ತಂದೆ ಈಗಿನ ಬಾಂಗ್ಲಾದೇಶದವರು, ತಾಯಿ ಕಪ್ಪು ಅಮೆರಿಕನ್. ಒಂದೇ ಅವಧಿ ಇದ್ದರು. ಗಡಿ ಬದಲಾದ ಮೇಲೆ 14ನೇ ಕ್ಷೇತ್ರದಲ್ಲಿ ನಿಂತು ಪ್ರೈಮರಿ ಸೋತರು.

ಡೆಟ್ರಾಯ್ಟ್ ಕನ್ನಡಿಗರು ಈ ಕ್ಷೇತ್ರದಲ್ಲಿ ವೋಟು ಹಾಕುತ್ತಾರಾ?

ಬಹುಪಾಲು ಇಲ್ಲ. ಪಂಪ ಕನ್ನಡ ಕೂಟ ಅಲ್ಲಿ ದಶಕಗಳಿಂದ ಇದೆ, ಅಮೆರಿಕದ ಕನ್ನಡ ಕೂಟಗಳ 2002ರ ‘ಅಕ್ಕ’ ಸಮ್ಮೇಳನವೂ ಡೆಟ್ರಾಯ್ಟ್‌ನಲ್ಲೇ ಆಯಿತು. ಆದರೆ ನಮ್ಮವರು ಜಾಸ್ತಿ ಇರೋದು ಟ್ರಾಯ್, ನೋವೈ, ಫಾರ್ಮಿಂಗ್‌ಟನ್ ಹಿಲ್ಸ್, ಕ್ಯಾಂಟನ್ ಕಡೆ. ಅವೆಲ್ಲ ಬೇರೆ ಕ್ಷೇತ್ರ.

ಅಭ್ಯರ್ಥಿ ಆಗೋದಕ್ಕೆ ಏನು ಬೇಕು?

ಮತದಾರರ 1,000 ಸರಿಯಾದ ಸಹಿ. ಕೇಳೋಕೆ ಸುಲಭ. 2014ರಲ್ಲಿ ಕಾನ್ಯರ್ಸ್ ಅವರ ಸಹಿಗಳು ಸಾಲದು ಅಂತ ಅಧಿಕಾರಿಗಳು ಹೆಸರು ತೆಗೆದರು, ಸಹಿ ಸಂಗ್ರಹಿಸಿದ ಕೆಲವರು ಸ್ವತಃ ಮತದಾರರಾಗಿ ನೋಂದಾಯಿಸಿಕೊಂಡಿರಲಿಲ್ಲ ಅನ್ನೋ ಕಾರಣಕ್ಕೆ. ಫೆಡರಲ್ ಜಡ್ಜ್ ಅವರನ್ನು ಮತ್ತೆ ಸೇರಿಸಿದರು. 2024ರಲ್ಲಿ ಹಾಲಿಯರ್ ಅವರ ಸಹಿಗಳಲ್ಲಿ ಸಾಕಷ್ಟು ಅಮಾನ್ಯವಾಗಿ, ಹೆಸರು ಮತಪತ್ರದಿಂದ ಹೊರಬಿತ್ತು. ಆ ಪ್ರೈಮರಿಯನ್ನು ಥಾಣೇದಾರ್ ಗೆದ್ದರು.

ಗಡಿ ಮತ್ತೆ ಯಾವಾಗ ಬದಲಾಗುತ್ತೆ?

2030ರ ಜನಗಣತಿಯ ನಂತರ. ಹೊಸ ಆಯೋಗಕ್ಕೆ ಹೊಸ ಸದಸ್ಯರನ್ನು ಲಾಟರಿ ಎತ್ತಿ ಆರಿಸುತ್ತಾರೆ, ಆ ನಕ್ಷೆಯ ಮೇಲೆ 2032ರಲ್ಲಿ ಚುನಾವಣೆ ನಡೆಯುತ್ತೆ. ಆಯೋಗ ಊರೂರಿನಲ್ಲಿ ಸಭೆ ಮಾಡಿ ಜನರ ಮಾತು ಕೇಳಲೇಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಇದೆ. ಅಲ್ಲಿ ವಾಸಿಸುವ ಯಾರು ಬೇಕಾದರೂ ಹೋಗಿ ಮಾತಾಡಬಹುದು, ತಾವೇ ಎಳೆದ ನಕ್ಷೆಯನ್ನೂ ಕೊಡಬಹುದು.